ಒಂಬತ್ತು ನಿಮಿಷ ತಡವಾದ ವರದಿ

ಆ ವಾರ ನನ್ನ ತಲೆ ಕೆಡಿಸಿದ್ದು ರೈಲ್ವೆಯ ಕೆಲಸವಲ್ಲ. ನಮ್ಮ ದೂರಸಂಪರ್ಕ ವಿಭಾಗದಲ್ಲಿ ಕೆಟ್ಟ ತಂತಿಗೂ ಒಂದು ಪದ್ಧತಿ ಇರುತ್ತದೆ, ಕೆಟ್ಟ ಮೇಲಧಿಕಾರಿಗೂ ಒಂದು ಪದ್ಧತಿ ಇರುತ್ತದೆ. ತಲೆ ಕೆಡಿಸಿದ್ದು ಸಂಜೆ ಐದರಿಂದ ಆರೂವರೆಯವರೆಗೆ ನಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ, ಬೈಗುಳ ಬಿಟ್ಟು ಬೇರೇನೂ ಸಿಗದ ಇನ್ನೊಂದು ಕೆಲಸ. ಅದಕ್ಕಾಗಿ ಕಾಡಿ ಬೇಡಿ ಬೆಳಗಿನ ಪಾಳಿ ಹಾಕಿಸಿಕೊಂಡಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾಗಪುರ, ಅದರ ಪಕ್ಕದ ದಂಡಿನ ಊರು ಕಾಮಠಿ ಸೇರಿ ನಾವು ಏಳು ಜನ ಹ್ಯಾಮ್‌ಗಳಿದ್ದೆವು. ಹ್ಯಾಮ್ ಅಂದರೆ ಸರ್ಕಾರದ ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೋ ಮೂಲಕ ದೂರದವರೊಂದಿಗೆ ಮಾತಾಡುವ ಹವ್ಯಾಸಿ. ದೂರದ ದೇಶದವನೊಬ್ಬ ನಮ್ಮ ಗುರುತಿನ ಅಕ್ಷರಗಳನ್ನು ಸರಿಯಾಗಿ ತಿರುಗಿ ಹೇಳಿದರೆ ಆ ದೇಶ ನಮಗೆ ಸಿಕ್ಕಂತೆ. ಆದರೆ ದೂರದ ಸ್ಟೇಷನ್ನು ಹೇಳಿ ಕೇಳಿ ಬರುವುದಿಲ್ಲ. ಆಕಾಶ ಅನುಕೂಲವಾಗಿದ್ದ ಹತ್ತು ಹದಿನೈದು ನಿಮಿಷ ಕೇಳಿಸಿ ಮಾಯವಾಗುತ್ತದೆ. ಒಬ್ಬನೇ ಕೂತು ಡಯಲ್ ತಿರುಗಿಸುತ್ತಿದ್ದರೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.

ಅದಕ್ಕೇ ನಾವು ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಪ್ರತಿಯೊಬ್ಬರ ಮೇಜಿನ ಮೇಲೂ ದೊಡ್ಡ ಸೆಟ್ಟಿನ ಪಕ್ಕದಲ್ಲಿ ಊರೊಳಗೆ ಮಾತಾಡಲು ಒಂದು ಸಣ್ಣ ಸೆಟ್. ಎಲ್ಲದರಲ್ಲೂ ಒಂದೇ ಚಾನೆಲ್. ಯಾರಿಗಾದರೂ ದೂರದ ಸ್ಟೇಷನ್ ಕೇಳಿಸಿದರೆ ಆ ಚಾನೆಲ್‌ನಲ್ಲಿ ನನಗೆ ವರದಿ ಕೊಡಬೇಕು, ನಾನು ಅದನ್ನು ಎಲ್ಲರಿಗೂ ಸಾರಬೇಕು. ನನ್ನ ಬಾಡಿಗೆ ಮನೆ ಊರ ಪಶ್ಚಿಮದ ದಿಣ್ಣೆಯ ಮೇಲಿತ್ತು. ತಾರಸಿಯ ಮೇಲಿನ ಏರಿಯಲ್ ಎಲ್ಲರಿಗೂ ಎಟುಕುತ್ತಿತ್ತು. ನಾನು ಎಲ್ಲರ ವರದಿ ಹಿಡಿಯುವ ಕಂಟ್ರೋಲ್ ಆಗಿದ್ದು ದಿಣ್ಣೆಯ ದೆಸೆಯಿಂದ, ಯೋಗ್ಯತೆಯಿಂದಲ್ಲ. ಇದನ್ನು ನನಗೆ ಆಗಾಗ ನೆನಪಿಸುವವರು ಇದ್ದರು.

ಅವರಲ್ಲಿ ಮೊದಲಿಗರು ನಮ್ಮ ಹಿರಿಯರು. ಮೈಸೂರಿನವರು, ಸರ್ಕಾರಿ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ನಾಗಪುರದಲ್ಲೇ ಮನೆ ಕಟ್ಟಿಸಿದವರು. ವಿದೇಶಿ ಸೆಟ್, ಅದರ ಹಿಂದೆ ಫ್ಯಾನು ಹಾಕಿ ತಣಿಸಬೇಕಾದಷ್ಟು ದೊಡ್ಡ ಆಂಪ್ಲಿಫೈಯರ್. ಅವರು ಮೋರ್ಸ್ ಸಂಕೇತ ಕುಟ್ಟುವ ಕೀ ಒತ್ತಿದರೆ ಪಕ್ಕದ ಮನೆಯ ಟಿವಿಯಲ್ಲಿ ಅಡ್ಡಗೆರೆ ಬರುತ್ತಿತ್ತು. ಅವರ ಪ್ರಕಾರ ಯಾರ ಸಿಗ್ನಲ್ಲಿಗೂ ಕಡಿಮೆ ಅಂಕ ಕೊಡುವುದು ಮರ್ಯಾದೆಯಲ್ಲ. ಪಿಸುಗುಡುವ ಸ್ಟೇಷನ್ನಿಗೂ ಪೂರ್ತಿ ಅಂಕ ಕೊಟ್ಟು, ಅದೇ ಉಸಿರಿನಲ್ಲಿ "ನಿಮ್ಮ ಹೆಸರು ಇನ್ನೊಮ್ಮೆ ಹೇಳಿ, ಕೇಳಿಸಲಿಲ್ಲ" ಅನ್ನುತ್ತಿದ್ದರು. ಅವರನ್ನು ನೋಡಿ ಉಳಿದವರೂ ಹಾಗೆಯೇ. ಇಂಥ ವರದಿ ಇಟ್ಟುಕೊಂಡು ನಾನು ಏನು ಮಾಡಲಿ?

ಆ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ, ಮನುಷ್ಯರೇ ಇಲ್ಲದ ಒಂದು ಹವಳದ ದ್ವೀಪಕ್ಕೆ ನಾಲ್ಕಾರು ವಿದೇಶಿ ಹ್ಯಾಮ್‌ಗಳು ಡೇರೆ, ಜನರೇಟರ್ ಹೊತ್ತು ಹೋಗಿದ್ದರು. ಒಂದೇ ವಾರ ಇರುತ್ತಾರೆ, ಭಾನುವಾರ ಕೊನೆ. ನಮ್ಮಲ್ಲಿ ಯಾರಿಗೂ ಆ ದ್ವೀಪ ಸಿಕ್ಕಿರಲಿಲ್ಲ. ಆದರೆ ಅದು ನಿಜವಾಗಿ ಬೇಕಾಗಿದ್ದದ್ದು ಕಾಮಠಿಯ ತಂಗಿಗೆ.

ತಂಗಿ ಅಂತ ನಾನು ಕರೆಯುತ್ತಿದ್ದೆ, ಆಕೆ ನನ್ನನ್ನು ಅಣ್ಣಾರ ಅನ್ನುತ್ತಿದ್ದರು. ಗದಗಿನ ಕಡೆಯವರು, ಗಂಡ ಸೇನೆಯಲ್ಲಿ ಹವಾಲ್ದಾರ್. ದಂಡಿನ ಹೊರಗೆ ಕೈಮಗ್ಗದವರ ಓಣಿಯಲ್ಲಿ ಬಾಡಿಗೆ ಮನೆ. ಗಂಡನಿಂದ ಮೋರ್ಸ್ ಕಲಿತು ಆರು ತಿಂಗಳಲ್ಲಿ ಗಂಡನನ್ನೇ ಹಿಂದೆ ಹಾಕಿದಾಕೆ. ಹಳೆಯ ವಾಲ್ವ್‌ಗಳನ್ನು ಕೂಡಿಸಿ ತಾವೇ ಕಟ್ಟಿದ ಇಪ್ಪತ್ತು ವ್ಯಾಟಿನ ಟ್ರಾನ್ಸ್‌ಮಿಟರ್, ಬೇವಿನ ಮರದಿಂದ ಗೋಡೆಗೆ ಎಳೆದ ತಾಮ್ರದ ತಂತಿ, ಇಷ್ಟೇ ಬಂಡವಾಳ. ಊರೊಳಗಿನ ಮಾತಿಗೆ ನಾನು ಮಾಡಿಕೊಟ್ಟ ಅರ್ಧ ವ್ಯಾಟಿನ ಸೆಟ್. ಅದರ ದನಿ ನನ್ನ ದಿಣ್ಣೆಗೆ ಮಾತ್ರ ಮುಟ್ಟುತ್ತಿತ್ತು, ಉಳಿದ ಐವರಿಗೆ ಇಲ್ಲ. ಆಕೆಯ ಮಾತು ಊರಿಗೆ ತಿಳಿಯಬೇಕಾದರೆ ನಾನೇ ಸಾರಬೇಕು.

ಗಂಡನಿಗೆ ಗಡಿಯ ಕಡೆಗೆ ವರ್ಗವಾಗಿತ್ತು. ದ್ವೀಪದ ವಾರ ಮುಗಿದ ಮರುದಿನ, ಸೋಮವಾರ ಮಧ್ಯಾಹ್ನದ ಗಾಡಿ. ಅಲ್ಲಿ ಖಾಸಗಿ ಟ್ರಾನ್ಸ್‌ಮಿಟರ್ ಹಚ್ಚುವ ಹಾಗಿಲ್ಲ, ಸೆಟ್ ಬಿಚ್ಚಲೇಬೇಕು. ಆಕೆಯ ದಿನಚರಿ ಪುಸ್ತಕದಲ್ಲಿ ಜಗತ್ತಿನ ಎಲ್ಲ ದಿಕ್ಕೂ ಇತ್ತು, ಪೆಸಿಫಿಕ್‌ನ ಒಂದು ಸ್ಟೇಷನ್ನೂ ಇರಲಿಲ್ಲ. ಹಿರಿಯರು ಒಮ್ಮೆ ಎಲ್ಲರೆದುರು ಹೇಳಿದ್ದರು: "ನೋಡಮ್ಮ, ಇಪ್ಪತ್ತು ವ್ಯಾಟಲ್ಲಿ ಪೆಸಿಫಿಕ್ ಎಲ್ಲ ಆಗೋ ಮಾತಲ್ಲ. ಸುಮ್ನೆ ಯಾಕೆ ಆಸೆ?" ಆಮೇಲೆ ಆಕೆ ನನ್ನೊಬ್ಬನಿಗೆ ಹೇಳಿದ್ದರು, "ಬಿಚ್ಚೂದರಾಗ ಒಮ್ಮೆ ಆ ದ್ವೀಪದವ ನನ್ನ ಹೆಸರ ತಿರುಗಿ ಹೊಡದ್ರ ಸಾಕ್ರಿ ಅಣ್ಣಾರ. ಡಬ್ಬಿ ಕಟ್ಟಿದ್ದಕ್ಕ ಸಾರ್ಥಕ."

ವಾರ ಶುರುವಾದದ್ದೇ ಅಪಶಕುನದಿಂದ. ಸೋಮವಾರ ಸಂಜೆ ನಮ್ಮ ಪ್ರೊಫೆಸರ್, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮರಾಠಿಗ, ಏನೋ ಕೇಳಿಸಿದ ಹಾಗಿದೆ ಎಂದು ಹಿರಿಯರಿಗೆ ಟೆಲಿಫೋನ್ ಮಾಡಿದರು. ಹಿರಿಯರು ಅದನ್ನೇ ಚಾನೆಲ್‌ನಲ್ಲಿ ನನಗೆ ಹೇಳಿದರು. ನಾನು ಸಾರಿದೆ. ಸಾರಿದ್ದನ್ನು ಕೇಳಿ ಪ್ರೊಫೆಸರ್ "ಹೌದು ಹೌದು, ನನಗೂ ಅಲ್ಲೇ" ಎಂದರು. ತಾನು ಬಿಟ್ಟ ಗಾಳಿಪಟ ತನ್ನ ತಾರಸಿಗೇ ಬಂದು ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಮುಕ್ಕಾಲು ಗಂಟೆ ಏಳೂ ಜನ ಕೀ ಕುಟ್ಟಿದೆವು. ಕೊನೆಗೆ ಆ ಸ್ಟೇಷನ್ ಬಾಯಿಬಿಟ್ಟು ಊರು ಹೇಳಿತು, ಅದು ಸೈಬೀರಿಯಾ.

ಮಂಗಳವಾರ ಇನ್ನೂ ಚಂದ. ಐದೂವರೆಯಿಂದ ಚಾನೆಲ್ ಮೌನ. ಆರು ಹತ್ತಕ್ಕೆ ನಮ್ಮ ಗುಂಪಿನ ಬ್ಯಾಂಕ್ ಅಧಿಕಾರಿಯೊಬ್ಬರು ನಿಧಾನವಾಗಿ ಬಂದು, ದ್ವೀಪ ಐದೂ ನಲವತ್ತಕ್ಕೇ ಕೇಳಿಸಿತ್ತು, ತನಗೆ ಸಿಕ್ಕಿತು, ಈಗ ಹೋಯಿತು ಎಂದರು. ಎಲೆ ಎತ್ತಿದ ಮೇಲೆ ಊಟಕ್ಕೆ ಕರೆದ ಹಾಗೆ. "ಮೊದಲೇ ಯಾಕೆ ಹೇಳಲಿಲ್ಲ?" ಎಂದರೆ, "ಹೇಳಿದ್ದರೆ ನೀವೆಲ್ಲ ಮುಗಿಬಿದ್ದು ನನಗೇ ಸಿಗುತ್ತಿರಲಿಲ್ಲ" ಎಂದರು. ನನ್ನ ಮೈಯೆಲ್ಲ ಉರಿಯಿತು. ಉರಿಗೆ ಅರ್ಧ ಕಾರಣ, ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಸ್ಟೇಷನ್ನಿನ ಸುದ್ದಿ ಹಬ್ಬಿದ ಕ್ಷಣ ಅದನ್ನು ಕರೆಯುವವರ ನೂಕುನುಗ್ಗಲಾಗುತ್ತದೆ. ಆ ಗದ್ದಲದಲ್ಲಿ ದೊಡ್ಡ ದನಿಯವನು ಗೆಲ್ಲುತ್ತಾನೆ, ಸುದ್ದಿ ಕೊಟ್ಟವನು ಮುಳುಗುತ್ತಾನೆ.

ಬುಧವಾರ ಸೀತಾಬರ್ಡಿಯ ಒಂದು ಹೋಟೆಲ್ಲಿನಲ್ಲಿ ಎಲ್ಲರನ್ನೂ ಸೇರಿಸಿದೆ. ಚಹಾ ಬರುವುದರೊಳಗೆ ಜಗಳ ಬಂತು. ನಾನು ಕಾರ್ಡಿನ ಮೇಲೆ ಬರೆದು ತಂದಿದ್ದ ನಿಯಮ ಓದಿದೆ. ವರದಿಯಲ್ಲಿ ನಾಲ್ಕೇ ಸಂಗತಿ: ಯಾರು ಕೇಳಿದರು, ಡಯಲ್‌ನಲ್ಲಿ ಎಲ್ಲಿ, ಎಷ್ಟು ಗಂಟೆಗೆ, ಒಂಬತ್ತರಲ್ಲಿ ಎಷ್ಟು ಬಲವಾಗಿ. ಸ್ವಂತ ಕಿವಿಯಿಂದ ಕೇಳಿದ್ದನ್ನು ಮಾತ್ರ ಹೇಳಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಮೊದಲು ಹೇಳಬೇಕು, ಆಮೇಲೆ ಕರೆಯಬೇಕು. ಕಂಟ್ರೋಲ್ ಸಾರುವವರೆಗೆ ವರದಿ ಕೊಟ್ಟವರೂ ಕೀ ಮುಟ್ಟುವ ಹಾಗಿಲ್ಲ.

ಹಿರಿಯರು ಕಾರ್ಡನ್ನು ದೂರ ಹಿಡಿದು ಓದಿ, "ಇದೇನ್ರೀ, ರೈಲ್ವೆ ಸಿಗ್ನಲ್ ಬೀಳೋವರೆಗೂ ಕಾಯ್ಬೇಕು ಅಂತೀರಾ?" ಎಂದರು.

"ಹೌದು ಸರ್. ಇಲ್ಲದಿದ್ದರೆ ಈ ಏರ್ಪಾಡು ಯಾಕೆ?"

"ಸರಿ, ಸರಿ. ನಿಮ್ಮ ದಿಣ್ಣೆ, ನಿಮ್ಮ ದರ್ಬಾರು."

ಎಲ್ಲರೂ ಒಪ್ಪಿದರು. ಕಾಮಠಿಯ ತಂಗಿ ಕಾರ್ಡನ್ನು ಎರಡು ಸಲ ಓದಿ, ತಮ್ಮ ಚೀಲದಿಂದ ಪುಸ್ತಕ ತೆಗೆದು ಪೂರ್ತಿ ಬರೆದುಕೊಂಡರು. ಬರೆದುಕೊಂಡದ್ದು ಅವರೊಬ್ಬರೇ.

ಗುರುವಾರ ದ್ವೀಪ ಬರಲೇ ಇಲ್ಲ. ಶುಕ್ರವಾರ ಐದೂವರೆಗೆ ಕರೆಂಟು ಹೋಗಿ ಆರೂವರೆಗೆ ಬಂತು. ಶನಿವಾರ ಹಿರಿಯರಿಗೆ ಕೇಳಿಸಿತು. ನನಗೆ ವರದಿ ಕೊಟ್ಟರು, ಕೊಡುವ ಮೊದಲೇ ನಾಲ್ಕು ಸಲ ಕರೆದೂ ಬಿಟ್ಟಿದ್ದರು. ಅವರಿಗೂ ಸಿಗಲಿಲ್ಲ, ಯಾರಿಗೂ ಸಿಗಲಿಲ್ಲ. ನಿಯಮದ ಮಾತೆತ್ತಿದರೆ "ಕೈ ತಾನಾಗೇ ಹೋಯ್ತು ಕಣ್ರೀ" ಎಂದರು. ನಿಯಮ ಮಾಡಿ ನಾಲ್ಕು ದಿನವಾಗಿರಲಿಲ್ಲ. ನಾನು ಊಟಕ್ಕೆ ಕೂತರೂ ಅದನ್ನೇ ಗೊಣಗುತ್ತಿದ್ದೆ. ನನ್ನ ಹೆಂಡತಿ ಪಲ್ಯ ಬಡಿಸುತ್ತ, "ಏಳು ಮಂದೀನ ಸಂಭಾಳಿಸಾಕ ಬರೂದಿಲ್ಲ, ಪೆಸಿಫಿಕ್ ಬೇಕಾಗೇತಿ ನಿಮಗ" ಎಂದಳು.

ಭಾನುವಾರ ಐದಕ್ಕೇ ಕೂತೆ. ನನ್ನ ರಿಸೀವರ್ ನಾನೇ ಮಾಡಿಕೊಂಡದ್ದು. ಡಯಲ್‌ನ ದಾರ ಸಡಿಲ. ಒಂದು ಜಾಗ ಬಿಟ್ಟು ಕದಲಿಸಿದರೆ ಮತ್ತೆ ಅದೇ ಜಾಗಕ್ಕೆ ಬರಲು ಪುಣ್ಯ ಬೇಕು. ಐದೂ ಮೂವತ್ತೆಂಟಕ್ಕೆ ಸಣ್ಣ ಸೆಟ್ಟಿನಲ್ಲಿ ಕಾಮಠಿಯ ದನಿ ಬಂತು. ಆತುರವಿತ್ತು, ಆದರೂ ಕಾರ್ಡಿನಲ್ಲಿದ್ದ ಕ್ರಮ ಒಂದಿಷ್ಟೂ ತಪ್ಪಲಿಲ್ಲ.

"ಅಣ್ಣಾರ, ಕಾಮಠಿ. ದ್ವೀಪ ಬಂತ್ರಿ. ಹದಿನಾಲ್ಕು ಸೊನ್ನೆ ಇಪ್ಪತ್ಮೂರು. ಐದೂ ಮೂವತ್ತೆಂಟು. ಬಲ ಆರು. ನನ್ನ ಕಿವೀಲೆ ಕೇಳೀನಿ. ಎರಡು ಮ್ಯಾಲ ಕೇಳಾಕತ್ತಾನ." ಅಂದರೆ ದ್ವೀಪದವನು ತಾನು ಕಳಿಸುವ ಜಾಗಕ್ಕಿಂತ ಎರಡು ಕಿಲೋಹರ್ಟ್ಸ್ ಮೇಲೆ ಕರೆಗಳನ್ನು ಕೇಳುತ್ತಿದ್ದಾನೆ.

ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಡಯಲ್ ತಿರುಗಿಸಿದೆ. ಇತ್ತು. ಸ್ಪಷ್ಟವಾಗಿ, ನಿಧಾನವಾಗಿ, ಜಪಾನಿನವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಿತ್ತು. ಒಂದು ವಾರದಲ್ಲಿ ಮೊದಲ ಸಲ ಒಂದು ವರದಿ ಅಕ್ಷರಶಃ ನಿಜವಾಗಿತ್ತು.

ಮೈಕ್ ಎತ್ತಿಕೊಂಡೆ. ಗುಂಡಿ ಒತ್ತಲಿಲ್ಲ.

ಒತ್ತಿದರೆ ಏನಾಗುತ್ತದೆಂದು ಗೊತ್ತಿತ್ತು. ಹಿರಿಯರ ಆಂಪ್ಲಿಫೈಯರ್, ಪ್ರೊಫೆಸರರ ಎತ್ತರದ ಏರಿಯಲ್, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಆ ಇಪ್ಪತ್ತು ವ್ಯಾಟ್ ಯಾರಿಗೂ ಕೇಳುವುದಿಲ್ಲ. ನಾಳೆ ಆಕೆ ತಂತಿ ಸುತ್ತುತ್ತಾರೆ. ಆಕೆಯ ವರದಿ ನನ್ನೊಬ್ಬನಿಗೇ ಮುಟ್ಟಿದೆ. ಐದು ನಿಮಿಷ ನಾನು ಸುಮ್ಮನಿದ್ದರೆ ದಾರಿ ಖಾಲಿ. ವಾರವಿಡೀ ನಿಯಮ ನಿಯಮ ಎಂದು ಹಲ್ಲು ಕಡಿದವನು ನಾನೇ, ಬೇಲಿಯೇ ಎದ್ದು ಹೊಲ ಮೇಯುವ ಕೆಲಸಕ್ಕೆ ಕೈ ಹಾಕಿದವನೂ ನಾನೇ. ಆಗ ಅದು ತಪ್ಪು ಅನ್ನಿಸಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಬಿಂಕ ಕೂಡ ಇತ್ತು.

ಆಕೆ ಕರೆಯುತ್ತಿದ್ದಾರೋ ಇಲ್ಲವೋ ನೋಡಲು ನಾನು ಎರಡು ಕಿಲೋಹರ್ಟ್ಸ್ ಮೇಲೆ ಹೋಗಬೇಕಿತ್ತು. ಆ ಹಾಳು ದಾರಕ್ಕೆ ಹೆದರಿ ಹೋಗಲಿಲ್ಲ. ದ್ವೀಪದ ಮೇಲೆಯೇ ಕಿವಿಯಿಟ್ಟು, ಈಗ ಆಕೆಯ ಅಕ್ಷರಗಳು ಬರುತ್ತವೆ, ಈಗ ಬರುತ್ತವೆ ಎಂದು ಕಾದೆ. ಇನ್ನೊಬ್ಬ ಜಪಾನಿ. ಮತ್ತೊಬ್ಬ.

ಐದೂ ನಲವತ್ಮೂರಕ್ಕೆ ಹಿರಿಯರು ಚಾನೆಲ್‌ಗೆ ಬಂದರು. "ಕಂಟ್ರೋಲ್, ಏನಾದ್ರೂ ಇದ್ಯೇನ್ರೀ?"

"ಸ್ವಲ್ಪ ತಾಳಿ" ಎಂದೆ. ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಲವತ್ತೇಳಕ್ಕೆ ಪ್ರೊಫೆಸರರಿಗೆ ತಾನಾಗಿಯೇ ದ್ವೀಪ ಸಿಕ್ಕಿತು. ಚಾನೆಲ್‌ನಲ್ಲಿ ಹಿಂದಿ, ಮರಾಠಿ ಕಲಸಿ, ಬಂತು ಬಂತು ಎಂದು ಕೂಗಿದರು: "ಆಲಾ ರೇ ಆಲಾ! ಇಪ್ಪತ್ಮೂರು, ಇಪ್ಪತ್ಮೂರು!" ಇನ್ನು ತಡೆಯುವಂತಿರಲಿಲ್ಲ. ಸಾರಿದೆ. ಕ್ಷಣದಲ್ಲಿ ಎಲ್ಲರೂ ಮುಗಿಬಿದ್ದರು. ಅಷ್ಟರಲ್ಲಿ ದ್ವೀಪದ ದನಿ ಇಳಿಯತೊಡಗಿತ್ತು. ಆರರಿಂದ ನಾಲ್ಕು, ನಾಲ್ಕರಿಂದ ಎರಡು. ಒಮ್ಮೆ ಅದು ಯಾರದೋ ಅರ್ಧ ಗುರುತನ್ನು ಪ್ರಶ್ನೆಯ ಹಾಗೆ ತಿರುಗಿ ಕಳಿಸಿತು. ಗದ್ದಲದಲ್ಲಿ ಯಾರದೆಂದು ತಿಳಿಯಲಿಲ್ಲ. ಐವತ್ತಾರಕ್ಕೆ ಬರೀ ಸುಯ್ಯೆನ್ನುವ ಸದ್ದು. ಹಿರಿಯರಿಗೂ ಸಿಗಲಿಲ್ಲ, ಪ್ರೊಫೆಸರರಿಗೂ ಸಿಗಲಿಲ್ಲ.

ಆಗ ಕಾಮಠಿಯ ದನಿ ಬಂತು. ಕೋಪವಿರಲಿಲ್ಲ, ಅನುಮಾನವಿತ್ತು.

"ಅಣ್ಣಾರ, ನನ್ನ ರಿಪೋರ್ಟ್ ನಿಮಗ ಬರೋಬರ್ ಮುಟ್ಟಿರ್ಲಿಲ್ಲೇನ್ರಿ?"

"ಯಾಕಮ್ಮ?"

"ಅಲ್ರಿ, ನೀವು ಸಾರೂದನ್ನ ಕಾಯ್ಕೋತ ಕುಂತಿದ್ದೆ. ಒಂಬತ್ತು ಮಿನಿಟ್ ಆತು. ನಡುವ ತಾಳ್ರಿ ಅಂದ್ರಿ, ತಾಳಿದೆ. ಆವಾಗ ಎಷ್ಟ್ ಚಲೋ ಬರ್ತಿದ್ದ ಅವ."

ಆಕೆ ಕರೆದಿರಲೇ ಇಲ್ಲ. ಏಳು ಜನರಲ್ಲಿ ನಿಯಮ ಪಾಲಿಸಿದ್ದು ಒಬ್ಬರೇ, ಅವರಿಗಾಗಿ ನಾನು ನಿಯಮ ಮುರಿದಿದ್ದೆ. ನಾನು ದಾರಿ ಖಾಲಿ ಇಟ್ಟು ಕಾದೆ, ಆಕೆ ನನ್ನ ದನಿಗಾಗಿ ಕಾದರು, ದ್ವೀಪದವನು ಇದ್ದ ಹೊತ್ತನ್ನೆಲ್ಲ ಜಪಾನಿನವರಿಗೆ ಹಂಚಿ ಹೋದ. ಗುಂಡಿ ಒತ್ತಿ ಒಂದೇ ಮಾತು, ನೀನು ಮೊದಲು ಕರೆ ತಂಗಿ, ಎಂದಿದ್ದರೆ ಮುಗಿಯುತ್ತಿತ್ತು. ಕೇಳಿದ್ದನ್ನು ಆ ಕ್ಷಣವೇ ಹೇಳುವುದೊಂದೇ ನನ್ನ ಕೆಲಸ, ಅದನ್ನೇ ನಾನು ಮಾಡಿರಲಿಲ್ಲ.

ತಪ್ಪಿಸಿಕೊಳ್ಳಲು ದಾರಿ ಕಣ್ಣೆದುರಿಗೇ ಇತ್ತು. ಅರ್ಧ ವ್ಯಾಟಿನ ಸೆಟ್, ದನಿ ಹರಿದು ಹರಿದು ಬಂತಮ್ಮ, ಅರ್ಥವಾಗಲಿಲ್ಲ. ಯಾರೂ ಅನುಮಾನಿಸುತ್ತಿರಲಿಲ್ಲ, ಎಲ್ಲರೂ ಆ ಸೆಟ್ಟನ್ನೇ ಬೈಯುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ನನ್ನದೇ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ 'ಐದು ಮೂವತ್ತೆಂಟು, ಕಾಮಠಿ, ಬಲ ಆರು' ಎಂದು ಬರೆದಿತ್ತು. ಅಭ್ಯಾಸಬಲ, ಬಂದ ಕೂಡಲೇ ಬರೆದುಕೊಂಡಿದ್ದೆ. ವಾರವೆಲ್ಲ ಊರವರ ಕಳ್ಳತನ ಹಿಡಿದವನು ಅದನ್ನು ಹೊಡೆದುಹಾಕಿ ಆಕೆಯ ಸೆಟ್ಟಿನ ಮೇಲೆ ತಪ್ಪು ಹೊರಿಸಲೇ? ನಾಚಿಕೆಯಾಯಿತು.

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕಾಮಠಿಯ ವರದಿ ಐದೂ ಮೂವತ್ತೆಂಟಕ್ಕೇ ಸ್ಪಷ್ಟವಾಗಿ ಮುಟ್ಟಿತ್ತು. ನಾನೇ ತಡೆದಿಟ್ಟೆ. ಆಕೆಗೆ ಮೊದಲು ಸಿಗಲಿ ಅಂತ. ಆಕೆಗೆ ಗೊತ್ತಿರಲಿಲ್ಲ."

ಮೊದಲು ಸಿಡಿದವರು ಹಿರಿಯರು. "ಒಂಬತ್ತು ನಿಮಿಷ ಕೈಲಿಟ್ಕೊಂಡು ಕೂತಿದ್ರಾ? ನಾನು ಕೇಳ್ದಾಗ ತಾಳಿ ಅಂದ್ರಲ್ರೀ! ನಮ್ಮನ್ನೆಲ್ಲ ಏನು ಅಂದ್ಕೊಂಡಿದೀರಿ?" ಬೈದರು, ಬೈದು ಮುಗಿಸಿ ಉಸಿರು ತೆಗೆದುಕೊಂಡು, "ಒಂದು ಮಾತು ಕೇಳಿದ್ರೆ ನಾನು ಐದು ನಿಮಿಷ ಕೀ ಮುಟ್ತಿರ್ಲಿಲ್ಲ. ಆ ಹುಡುಗಿ ನಾಳೆ ಹೋಗ್ತಾಳೆ ಅಂತ ನಂಗೂ ಗೊತ್ತಿಲ್ವೇನ್ರೀ?" ಎಂದರು. ಹಿಂದಿನ ದಿನ ತಾನಾಗೇ ಹೋದ ಕೈ ಅವರದು. ಕೇಳಿದ್ದರೆ ನಿಜವಾಗಿ ಸುಮ್ಮನಿರುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿರಲಿಲ್ಲ.



ಸೋಮವಾರ ರಜೆ ಹಾಕಿ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಬೆಳಗಿನ ಬಸ್ಸಿಗೆ ಕಾಮಠಿಗೆ ಹೋದೆ. ಮನೆಯ ಮುಂದೆ ಟ್ರಂಕುಗಳು ಸಾಲಾಗಿದ್ದವು. ಹವಾಲ್ದಾರರು ಏಣಿ ಹಾಕಿ ಬೇವಿನ ಮರದಿಂದ ತಂತಿ ಬಿಚ್ಚುತ್ತಿದ್ದರು. ಆಕೆ ಕೆಳಗೆ ನಿಂತು ಸುತ್ತುತ್ತಿದ್ದರು. ನನ್ನನ್ನು ನೋಡಿ "ಬರ್ರಿ" ಎಂದರು, ಸುತ್ತುವುದು ನಿಲ್ಲಿಸಲಿಲ್ಲ.

"ತಪ್ಪಾಯ್ತಮ್ಮ" ಎಂದೆ. ರೊಟ್ಟಿಯ ಗಂಟನ್ನು ಟ್ರಂಕಿನ ಮೇಲಿಟ್ಟೆ.

"ರಾತ್ರಿಯೆಲ್ಲಾ ಸಿಟ್ಟು ಬಂದಿತ್ರಿ ಅಣ್ಣಾರ. ಈಗೂ ಐತಿ." ತಂತಿಯ ಒಂದು ಸಿಕ್ಕು ಬಿಡಿಸಿದರು. "ನಂದು ಸಣ್ಣ ಸ್ಟೇಷನ್, ನಾಕ್ ಮಂದ್ಯಾಗ ಆಗೂದಿಲ್ಲ ಅಂತ ಹಿರಿಯರು ಬಾಯಿಬಿಟ್ಟು ಅಂದ್ರು. ನೀವು ಮನಸಿನ್ಯಾಗ ಅಂದ್ರಿ. ಗದ್ದಲದಾಗ ಒಮ್ಮೆ ಅರ್ಧ ಹೆಸರ ಕೇಳಿದ ನೋಡ್ರಿ ಅವ, ಅದು ನಂದ. ಕಡೀ ಎರಡು ಅಕ್ಷರ ನಂದ. ತಿರುಗಿ ಹೊಡದೆ, ಅಷ್ಟೊತ್ತಿಗೆ ಹೋಗಿದ್ದ."

ಅಷ್ಟು ಗದ್ದಲದಲ್ಲಿ, ಸಾಯುತ್ತಿದ್ದ ಸಿಗ್ನಲ್ಲಿನಲ್ಲಿ ದ್ವೀಪದವನಿಗೆ ನಮ್ಮೂರಿನಿಂದ ಕೇಳಿಸಿದ್ದು ಇಪ್ಪತ್ತು ವ್ಯಾಟ್ ಒಂದೇ. ಮೂವತ್ತೆಂಟಕ್ಕೇ ಸಾರಿದ್ದರೆ, ಹಿರಿಯರು ಇರಲಿ ಪ್ರೊಫೆಸರ್ ಇರಲಿ, ಆಕೆಗೆ ಸಿಗುತ್ತಿತ್ತು.

"ಆ ನಿಯಮ ಹೋಗಲಿ ಬಿಡಮ್ಮ" ಎಂದೆ. "ಇವತ್ತೇ ತೆಗೆದುಹಾಕ್ತೀನಿ. ಅದರಿಂದ ಯಾರಿಗೂ ಒಳ್ಳೇದಾಗಲಿಲ್ಲ."

ಆಕೆ ಆಗ ಸುತ್ತುವುದು ನಿಲ್ಲಿಸಿ ನನ್ನ ಮುಖ ನೋಡಿದರು.

"ತೆಗೀಬ್ಯಾಡ್ರಿ. ನಿಯಮ ಬರೋಬರ್ ಐತಿ" ಎಂದರು. "ನೀವೂ ಪಾಲಿಸ್ರಿ."

ಮರದ ಮೇಲಿನಿಂದ ತಂತಿಯ ಇನ್ನೊಂದು ತುದಿ ಕೆಳಗೆ ಬಿತ್ತು. ಅದನ್ನು ಎತ್ತಿ ಹಿಡಿದುಕೊಂಡೆ, ಆಕೆ ಸುತ್ತಿ ಮುಗಿಸುವವರೆಗೆ ನಿಂತೆ.